ಚಿಲಕವಿಲ್ಲದ ಮನೆಯ ಪಾಸ್‌ವರ್ಡ್

ಆ ವಾರ ನಮ್ಮ ಮನೆಯಲ್ಲಿ ಹಾಲಿತ್ತು, ಡಿಕಾಕ್ಷನ್ ಇರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಸವೇಶ್ವರನಗರದ ನಮ್ಮ ಮನೆ ಎರಡು ಅಂತಸ್ತಿನದು. ಕೆಳಗೆ ನಾನು, ನನ್ನ ಗಂಡ, ನಮ್ಮತ್ತೆ. ಮೇಲೆ ಭಾವ ಮತ್ತು ನನ್ನ ಓರಗಿತ್ತಿ. ಓರಗಿತ್ತಿ ಅಂತ ನಾನು ಎಂದೂ ಕರೆದವಳಲ್ಲ, ಬಂದ ದಿನದಿಂದ ಅಕ್ಕ ಎಂದೇ ಬಾಯಿಗೆ ಹತ್ತಿಬಿಟ್ಟಿದೆ. ತಾರಸಿಯ ಒಂಟಿ ಕೋಣೆಯಲ್ಲಿ ಗದಗದ ಕಡೆಯ ಒಬ್ಬ ನರ್ಸ್ ಬಾಡಿಗೆಗಿದ್ದಾಳೆ. ಒಲೆಗಳು ಬೇರೆಯಾಗಿ ಎಷ್ಟೋ ಕಾಲವಾಯಿತು, ಆದರೆ ಬೆಳಗಿನ ಕಾಫಿ ಮಾತ್ರ ಇನ್ನೂ ಒಂದೇ. ಅಕ್ಕ ಹಿಂದಿನ ದಿನವೇ ಫಿಲ್ಟರಿಗೆ ಪುಡಿ ಹಾಕಿಟ್ಟು, ಬೆಳಿಗ್ಗೆ ಡಿಕಾಕ್ಷನ್ನಿನ ಲೋಟ ಹಿಡಿದು ಮೆಟ್ಟಿಲಿಳಿದು ಬರುತ್ತಾಳೆ. ನಾನು ಹಾಲು ಕಾಯಿಸಿಟ್ಟಿರುತ್ತೇನೆ. ಅಡುಗೆಮನೆಯ ಕಟ್ಟೆಗೆ ಒರಗಿ ಇಬ್ಬರೂ ನಿಂತೇ ಕುಡಿಯುತ್ತೇವೆ. ಜಗಳವಾಡಿದ ಮರುದಿನವೂ ಇದು ತಪ್ಪಿದ್ದಿಲ್ಲ. ಮಾತಿಲ್ಲದೆ ಕುಡಿದಿದ್ದೇವೆ, ಕುಡಿಯದೆ ಇದ್ದಿಲ್ಲ.

ಆ ಸೋಮವಾರ ಹಾಲು ಕಾದು, ಕೆನೆ ಕಟ್ಟಿ, ಮತ್ತೆ ಕಾಯಿಸಿದರೂ ಅಕ್ಕ ಇಳಿಯಲಿಲ್ಲ. ನನಗೆ ಕಾಯುವುದೆಂದರೆ ಆಗದು. ಕುಕ್ಕರ್ ಕೂಗುವುದನ್ನೂ ನಿಂತು ಕೇಳಲಾರದವಳು ನಾನು. ಸೆರಗು ಸಿಕ್ಕಿಸಿಕೊಂಡು ಮೇಲೆ ಹತ್ತಿದೆ. ಅಕ್ಕ ಊಟದ ಮೇಜಿನ ಮುಂದೆ ಲ್ಯಾಪ್‌ಟಾಪ್ ತೆರೆದುಕೊಂಡು ಕೂತಿದ್ದಳು. ಪಕ್ಕದಲ್ಲಿ ಅವಳೊಬ್ಬಳ ಲೋಟ, ಅದರ ತಳದಲ್ಲಿ ಕುಡಿದು ಮುಗಿಸಿದ ಕಾಫಿಯ ಕರೆ.

"ಏನಕ್ಕ, ಮೈ ಹುಷಾರಿಲ್ವಾ?"

"ಮೈಗೇನಾಗಿದೆ?" ಅಂದಳು. ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು. "ಬೀಗ ಹಾಕೊಂಡಿದೀಯಲ್ಲ, ಹಾಕ್ಕೊ. ಆದ್ರೆ ನನಗೊಂದು ಮಾತು ಹೇಳಿ ಹಾಕ್ಬೋದಿತ್ತು."

ತೆರೆಯ ಮೇಲೆ ಒಂದು ಪುಟ್ಟ ಚೌಕ. ಅದರಲ್ಲಿ ಎರಡು ಖಾಲಿ ಜಾಗ. ಮೇಲಿನದು ಹೆಸರು ಕೇಳುತ್ತಿತ್ತು, ಕೆಳಗಿನದು ಪಾಸ್‌ವರ್ಡ್.

ನಾವಿಬ್ಬರೂ ಮದುವೆಗಳಿಗೆ ಆರತಿ ತಟ್ಟೆ ಮಾಡಿಕೊಡುತ್ತೇವೆ. ಮುತ್ತು, ಕುಂದನ್, ಬಣ್ಣದ ಅಕ್ಕಿ, ಚಿತ್ತಾರ ಬರೆದ ಕೊಬ್ಬರಿ ಬಟ್ಟಲು, ಬಳೆ ತಟ್ಟೆ, ಹೂವಿನ ತಟ್ಟೆ. ನಾವಿಬ್ಬರೂ ಅಂತ ಹೇಳಿದೆ, ಮಾಡುವವಳು ಅಕ್ಕ. ನಾನು ಗಿರಾಕಿಗಳ ಹತ್ತಿರ ಮಾತಾಡುವವಳು, ವಿಜಯನಗರದ ಮಾರ್ಕೆಟ್ಟಿನಲ್ಲಿ ಸಾಮಾನು ತರುವವಳು, ತಟ್ಟೆಗಳನ್ನು ಆಟೋದಲ್ಲಿ ಮಡಿಲ ಮೇಲಿಟ್ಟುಕೊಂಡು ಛತ್ರಕ್ಕೆ ತಲುಪಿಸುವವಳು. ಅಕ್ಕನ ಕೈ, ನನ್ನ ಕಾಲು. ಕೆಳಗೆ ನಡುಮನೆಯ ಕಂಪ್ಯೂಟರಿನಲ್ಲಿ ಮೂರು ಫೋಲ್ಡರುಗಳಿವೆ. ಒಂದು ಇಬ್ಬರದ್ದು, ಆರ್ಡರು ಮತ್ತು ಫೋಟೋಗಳಿಗೆ. ಒಂದು ನನ್ನದು. ಇನ್ನೊಂದು ಅಕ್ಕನದು. ಅವಳು ಬರೆದ ನಮೂನೆಗಳೆಲ್ಲ ಅದರಲ್ಲಿವೆ, ಮಾಡಿ ಮುಗಿಸಿದವು, ಇನ್ನೂ ಮನಸ್ಸಿನಲ್ಲೇ ಇರುವವು. ಅವಳು ಮೇಲಿನಿಂದಲೇ, ಮನೆಯ ವೈಫೈ ಮೂಲಕ, ತನ್ನ ಲ್ಯಾಪ್‌ಟಾಪಿನಲ್ಲಿ ಅದನ್ನು ತೆರೆದುಕೊಂಡು ಕೆಲಸ ಮಾಡುತ್ತಿದ್ದಳು.

ಅಕ್ಕನಿಗೆ ಒಂದು ಪದ್ಧತಿ ಇದೆ. ಮುಗಿಯದ ತಟ್ಟೆಯನ್ನು ಅವಳು ಯಾರಿಗೂ ತೋರಿಸುವುದಿಲ್ಲ. ಕೆಲಸದ ನಡುವೆ ಎದ್ದರೆ ಮಲ್ಲಿನ ಬಟ್ಟೆ ಮುಚ್ಚಿಯೇ ಏಳುತ್ತಾಳೆ. ನನಗೂ ತೋರಿಸುವುದಿಲ್ಲ. ನಾನು ಬಟ್ಟೆಯ ತುದಿ ಎತ್ತಿ ಇಣುಕಲು ಹೋಗಿ ಕೈಮೇಲೆ ಏಟು ತಿಂದವಳೇ.

ಆ ಸೋಮವಾರಕ್ಕೆ ಒಂದೆರಡು ವಾರ ಮುಂಚೆ ಮಹಾಲಕ್ಷ್ಮಿ ಲೇಔಟಿನ ಪೂಜಾ ಸಾಮಾನಿನ ಅಂಗಡಿಯವರೊಬ್ಬರು ನನ್ನನ್ನು ಹಿಡಿದು, "ನಿಮ್ಮ ಡಿಸೈನ್ ಕೊಡಿ ಮೇಡಂ, ನಾವು ಮಾಡಿಸಿ ಮಾರ್ತೀವಿ" ಅಂದಿದ್ದರು. ನನಗೆ ಖುಷಿಯಾಗಿತ್ತು. ಬಂದವಳೇ ಅಕ್ಕನಿಗೆ ಹೇಳಿದೆ. ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. "ನೋಡೋಣ" ಅಂದಳು. ಅಕ್ಕನ ನೋಡೋಣ ಅಂದರೆ ಏನು ಅಂತ ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ. ಇದಾದ ಮೇಲೆ ಅವಳ ಫೋಲ್ಡರಿಗೆ ಇದ್ದಕ್ಕಿದ್ದ ಹಾಗೆ ಪಾಸ್‌ವರ್ಡ್ ಬಂದರೆ ಅವಳು ಏನಂದುಕೊಳ್ಳಬೇಕು? ತನ್ನ ನಮೂನೆಗಳನ್ನು ನಾನು ಒಳಗೆ ಹಾಕಿ, ತನ್ನನ್ನು ಹೊರಗಿಟ್ಟು, ಅಂಗಡಿಯವರಿಗೆ ಕೊಡಲು ಹೊರಟಿದ್ದೇನೆ ಅಂತ. ಒಂದೇ ಮಾತಿನಲ್ಲಿ, ಅಕ್ಕ ನನ್ನನ್ನು ಕಳ್ಳಿ ಅಂದುಕೊಂಡಿದ್ದಳು.

"ನಾನು ಹಾಕಿಲ್ಲ ಕಣಕ್ಕ, ದೇವರಾಣೆ" ಅಂದೆ.

"ಇನ್ಯಾರು ಹಾಕ್ತಾರೆ, ಅತ್ತೆನಾ?"

ನಾನು ಕೆಳಗಿಳಿದು ಬಂದೆ. ಹಾಲಿಗೆ ಹೆಪ್ಪು ಹಾಕಿದೆ.

ನಮ್ಮ ಮನೆಯಲ್ಲಿ ಬೀಗದ ಮಾತು ಸಣ್ಣ ಮಾತಲ್ಲ. ಈ ಮನೆಯ ಒಳಗಡೆ ಯಾವ ಬಾಗಿಲಿಗೂ ಚಿಲಕವಿಲ್ಲ. ಮುಂಬಾಗಿಲಿಗಿದೆ, ಹಿಂಬಾಗಿಲಿಗಿದೆ, ಅಷ್ಟೆ. ನಮ್ಮತ್ತೆ ಕೆಂಗೇರಿ ಹತ್ತಿರದ ಹಳ್ಳಿಯವರು, ರಾಗಿ ಹೊಲದವರು. ಆ ಹೊಲಗಳೆಲ್ಲ ಈಗ ಲೇಔಟುಗಳು. ಅವರು ಚಿಕ್ಕವರಿದ್ದಾಗ ಕೂಸು ತಂಗಿಯೊಬ್ಬಳು ಕಾಳಿನ ಕೋಣೆಗೆ ಹೋಗಿ ಒಳಗಿಂದ ಚಿಲಕ ಹಾಕಿಕೊಂಡು, ತೆಗೆಯಲು ಬರದೆ, ಮನೆಯವರೆಲ್ಲ ಹೊಲದಿಂದ ಬರುವ ಹೊತ್ತಿಗೆ ಮೂರ್ಛೆ ಹೋಗಿ ಬಿದ್ದಿದ್ದಳಂತೆ. ಬದುಕಿದಳು. ಆದರೆ ಅತ್ತೆಯ ಮನಸ್ಸಿನಲ್ಲಿ ಆ ಬಾಗಿಲು ಇನ್ನೂ ಮುಚ್ಚಿಯೇ ಇದೆ. ಅದಕ್ಕೇ ಈ ಮನೆಯಲ್ಲಿ ಯಾರ ಕೋಣೆಗೆ ಹೋದರೂ ಹೊಸ್ತಿಲಾಚೆ ನಿಂತು "ಬರ್ಲಾ?" ಅನ್ನಬೇಕು. ಒಳಗಿನವರು "ಬಾ" ಅಂದ ಮೇಲೆ ಹೋಗಬೇಕು. ಸ್ನಾನದ ಮನೆಗೂ ಇದೇ ಕಾನೂನು. ಹೊಸದಾಗಿ ಬಂದ ನೆಂಟರು ಬೆವತುಹೋಗುತ್ತಾರೆ, ನಾವು ಒಗ್ಗಿಹೋಗಿದ್ದೇವೆ. ನನಗೆ ಇದು ಹೆಮ್ಮೆಯ ವಿಷಯವೂ ಆಗಿತ್ತು. ನಮ್ಮನೇಲಿ ಮುಚ್ಚುಮರೆ ಇಲ್ಲ ಅಂತ ಎಲ್ಲೆಲ್ಲೂ ಹೇಳಿಕೊಳ್ಳುತ್ತಿದ್ದೆ.

ಕಂಪ್ಯೂಟರ್ ರಿಪೇರಿಯವನ ಮುಂದೆಯೂ ಹೇಳಿಕೊಂಡಿದ್ದೆ. ಹಿಂದಿನ ವಾರ ನಡುಮನೆಯ ಹಳೆಯ ಕಂಪ್ಯೂಟರ್ ಕೆಟ್ಟಿತ್ತು. ವಿಜಯನಗರದಿಂದ ಬಂದ ರಿಪೇರಿಯವನು, ಒಳಗಿದ್ದದ್ದನ್ನೆಲ್ಲ ಎತ್ತಿಟ್ಟು, ಎಲ್ಲ ಹೊಸದಾಗಿ ಹಾಕಿಕೊಟ್ಟ. ಕೂತು ಕೇಳಿದ:

"ಯಾರ್ಯಾರಿಗೆ ಅಕೌಂಟ್ ಮಾಡ್ಲಿ ಮೇಡಂ?"

"ನಂದೊಂದು, ನಮ್ಮನೆಯವ್ರದ್ದೊಂದು, ಅಕ್ಕಂದೊಂದು."

"ಪಾಸ್‌ವರ್ಡ್ ಏನಿಡ್ಲಿ?"

"ನಮ್ಮನೇಲಿ ಒಳಗಡೆ ಯಾವ ಬಾಗಿಲಿಗೂ ಚಿಲಕ ಇಲ್ಲಪ್ಪ. ಇದಕ್ಕೆ ಯಾಕೆ?"

ಅವನು ನಕ್ಕು, ಖಾಲಿ ಬಿಟ್ಟು, ಮುಂದಕ್ಕೆ ಒತ್ತಿದ. ಆ ನನ್ನ ಮಾತು ನನಗೇ ಎಷ್ಟು ಹಿಡಿಸಿತ್ತೆಂದರೆ ಊಟದ ಹೊತ್ತಿಗೆ ಗಂಡನಿಗೂ ಅದನ್ನು ಹೇಳಿ ತೋರಿಸಿದ್ದೆ.

ಹಾಗಾದರೆ ಪಾಸ್‌ವರ್ಡ್ ಎಲ್ಲಿಂದ ಬಂತು? ನಾನು ಇಟ್ಟಿಲ್ಲ, ಯಾರೂ ಇಟ್ಟಿಲ್ಲ, ಇಲ್ಲದ ಬೀಗಕ್ಕೆ ಕೀಲಿ ಕೇಳುತ್ತಿದೆ. ನಡುಮನೆಯ ಕಂಪ್ಯೂಟರಿನ ಮುಂದೆ ಕೂತರೆ ಮೂವರ ಹೆಸರೂ ತೆರೆಯ ಮೇಲೆ ಸಾಲಾಗಿ ಕಾಣುತ್ತವೆ, ಯಾರದನ್ನು ಒತ್ತಿದರೂ ತೆರೆದುಕೊಳ್ಳುತ್ತದೆ. ಎದುರಿಗೆ ಕೂತವರಿಗೆ ಅಡ್ಡಿಯೇ ಇಲ್ಲ. ಮೇಲಿನಿಂದ ಬಂದರೆ ಮಾತ್ರ ಯಾರು ನೀನು ಅನ್ನುತ್ತದೆ. ಮಗ ಹಾಸ್ಟೆಲಿಗೆ ಹೋಗುವಾಗ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪನ್ನು ಬೀರುವಿನಿಂದ ತೆಗೆದು, ಧೂಳು ಹೊಡೆದು, ಅದರಿಂದ ಹೋಗಿ ನೋಡಿದೆ. ನನಗೂ ಅದೇ ಚೌಕ. ಬೀಗ ನನಗೂ ಇದೆ! ಅದನ್ನು ಕಂಡು ನನಗೆ ಎಂಥ ಸಮಾಧಾನವಾಯಿತೆಂದರೆ, ಲ್ಯಾಪ್‌ಟಾಪನ್ನು ಹಾಗೆಯೇ ಎತ್ತಿಕೊಂಡು ಮೇಲೆ ಓಡಿದೆ.

"ನೋಡಕ್ಕ, ನನ್ನನ್ನೂ ಬಿಡ್ತಾ ಇಲ್ಲ."

ಅಕ್ಕ ಕಣ್ಣೆತ್ತಿ ನೋಡಿದಳು. "ನಿನಗೇನು, ಕೆಳಗೆ ಕೂತ್ರೆ ತೆರ್ಕೊಳತ್ತೆ."

ಅದೂ ನಿಜವೇ. ನೀನೂ ಬಂದು ಕೆಳಗೆ ಕೂರು ಅನ್ನಬಹುದಿತ್ತು. ಅವಳ ಮುಖ ನೋಡಿ ಅನ್ನಲಿಲ್ಲ.

ಆಮೇಲೆ ನಾನು ಮಾಡಿದ ಸರ್ಕಸ್ಸು ಒಂದೆರಡಲ್ಲ. ಕುಂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಮೊದಲು ವೈಫೈ ಡಬ್ಬಿಯನ್ನು ಆಫ್ ಮಾಡಿ ಆನ್ ಮಾಡಿದೆ. ತಾರಸಿಯಿಂದ ನರ್ಸ್ ಬಗ್ಗಿ, "ಆಂಟಿ, ನೆಟ್ ಹೋತ್ರಿ!" ಅಂತ ಕೂಗಿದಳು. ಬರತ್ತೆ ತಡಿಯಮ್ಮ ಅಂದೆ. ಚೌಕದಲ್ಲಿ ನನ್ನ ಹೆಸರು ಹಾಕಿ ಪಾಸ್‌ವರ್ಡ್ ಜಾಗದಲ್ಲಿ ವೈಫೈನ ಪಾಸ್‌ವರ್ಡ್ ಕೊಟ್ಟೆ. ತಪ್ಪು ಅಂತು. ಮೊಬೈಲಿನ ಪಿನ್ ಕೊಟ್ಟೆ. ತಪ್ಪು. ಅಕ್ಕನ ಹೆಸರು ಹಾಕಿ, ಖಾಲಿ ಬಿಟ್ಟು ಒತ್ತಿದೆ. ತಪ್ಪು. ಗಂಡನಿಗೆ ಫೋನು ಮಾಡಿದರೆ, "ರೀಸ್ಟಾರ್ಟ್ ಮಾಡು" ಅಂದರು. ಪ್ರಪಂಚದ ಯಾವ ಕಷ್ಟಕ್ಕೂ ಅವರ ಹತ್ತಿರ ಅದೊಂದೇ ಮದ್ದು. ಮಾಡಿದೆ. ಮತ್ತೆ ಅದೇ ಚೌಕ, ಹಲ್ಲುಜ್ಜಿ ಮುಖ ತೊಳೆದು ಬಂದವರ ಹಾಗೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿಯೇ ಇದು. ಫೋಲ್ಡರ್ ನಮ್ಮದು, ಕಂಪ್ಯೂಟರ್ ನಮ್ಮದು, ಬಾಗಿಲಲ್ಲಿ ನಿಂತು ಅರ್ಚನೆ ಯಾರ ಹೆಸರಿಗೆ ಅಂತ ಕೇಳುವವನು ಇನ್ಯಾರೋ.

ಮಂಗಳವಾರವೂ ಅಕ್ಕ ಇಳಿಯಲಿಲ್ಲ. ಅತ್ತೆ ನಡುಮನೆಯ ಕುರ್ಚಿಯಲ್ಲಿ ಕೂತು, "ದೊಡ್ಡೋಳು ಯಾಕ್ ಬರ್ನಿಲ್ಲ?" ಅಂತ ಕೇಳಿದರು. ಅವರ ಕಾಫಿಗೆ ಅಂಗಡಿಯ ಪೊಟ್ಟಣದ ಪುಡಿ ಕಲಸಿ ಕೊಟ್ಟೆ. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಮತ್ತೆ ಕೈಗೆ ತೆಗೆದುಕೊಳ್ಳಲಿಲ್ಲ.

ನನಗೆ ಭಯವಾಗತೊಡಗಿದ್ದು ಆಗ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅಂತ ಗಾದೆ. ನಮ್ಮಕ್ಕನ ವಿಷಯದಲ್ಲಿ ಅದು ತಿರುಗಾಮುರುಗಾ. ಬೈದರೆ ಮನೆ ಉಳಿಯುತ್ತದೆ, ಮಾತು ಬಿಟ್ಟಳೋ ಕೆಟ್ಟಿತು. ತನ್ನ ತವರಿನಲ್ಲಿ ತಂಗಿಯೊಬ್ಬಳ ಜೊತೆ ಹೀಗೇ ಮಾತು ಬಿಟ್ಟವಳು ಇವತ್ತಿಗೂ ಆಡಿಲ್ಲ. ಇನ್ನೊಂದು ವಾರ ಹೀಗೇ ಹೋದರೆ ನಾನು ಅವಳಿಗೆ ಆ ತಂಗಿಯೇ ಆಗುತ್ತೇನೆ ಅನ್ನಿಸಿತು. ಆರತಿ ತಟ್ಟೆ ಹಾಳಾಗಿ ಹೋಗಲಿ. ನನಗೆ ಅಕ್ಕ ಬೇಕಿತ್ತು.

ರಿಪೇರಿಯವನಿಗೆ ಫೋನು ಮಾಡಿದೆ. ಅವನು ಯಾವುದೋ ಗಾಡಿಯ ಸದ್ದಿನ ನಡುವೆ, "ಅದು ಸಿಂಪಲ್ ಮೇಡಂ. ಶೇರಿಂಗ್‌ಗೆ ಪಾಸ್‌ವರ್ಡ್ ಬೇಕು ಅಂತ ಒಂದಿದೆ, ಅದನ್ನ ಆಫ್ ಮಾಡಿ. ಆಮೇಲೆ ಫೋಲ್ಡರ್‌ಗೆ ಎಲ್ಲರೂ ಅಂತ ಕೊಡಿ. ಯಾರಿಗೂ ಏನೂ ಕೇಳಲ್ಲ" ಅಂದ. ಎಲ್ಲೆಲ್ಲಿ ಒತ್ತಬೇಕು ಅಂತ ಹೇಳಿಸಿಕೊಂಡು, ಹುಡುಕಿ ಹುಡುಕಿ ಒತ್ತಿದೆ. ಮಗನ ಲ್ಯಾಪ್‌ಟಾಪಿನಿಂದ ಹೋಗಿ ನೋಡಿದರೆ, ಆಹಾ, ಚೌಕ ಮಾಯ. ಮೂರೂ ಫೋಲ್ಡರುಗಳು ಬಾಗಿಲು ತೆರೆದು ನಿಂತಿದ್ದವು. ನಮ್ಮ ಮನೆಯ ಹಾಗೆಯೇ ಆಯಿತು ಅಂದುಕೊಂಡೆ. ಮೆಟ್ಟಿಲ ಬುಡದಿಂದಲೇ ಕೂಗಿದೆ: "ಅಕ್ಕಾ, ತೆಗಿ ಈಗ! ಯಾವ ಬೀಗನೂ ಇಲ್ಲ!"

ಮೇಲೆ ಅಕ್ಕ ತೆರೆದಳು. ತೆರೆಯಿತು. ಅವಳ ಮುಖ ಸ್ವಲ್ಪ ಸಡಿಲವಾದದ್ದನ್ನು ಬಾಗಿಲಲ್ಲಿ ನಿಂತು ನಾನು ನೋಡಿದೆ. "ಏನ್ ಮಾಡ್ದೆ?" ಅಂದಳು. ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ತಾರಸಿಯಿಂದ ನರ್ಸ್ ಮೊಬೈಲ್ ಹಿಡಿದು ಇಳಿದು ಬಂದಳು. ಪಾಳಿ ಮುಗಿಸಿ ಬಂದು ಸಿನಿಮಾ ಹುಡುಕುತ್ತಿದ್ದಳಂತೆ.

"ಆಂಟಿ, ನಿಮ್ಮ ಫೋಟೋ ಎಲ್ಲಾ ನನ್ನ ಮೊಬೈಲ್‌ನಾಗ ಕಾಣಾಕತ್ತಾವ್ರಿ. ಯಾರ್ ಬರದಾರ್ರೀ ಇವನ್ನ? ಈ ನವಿಲು ಭಾಳ ಛಂದ ಐತ್ರಿ. ಅರ್ಧಾ ಯಾಕ್ ಬಿಟ್ಟೀರಿ?"

ಪಾಪ, ಅವಳು ಮೆಚ್ಚಿಯೇ ಹೇಳಿದ್ದು. ಅಕ್ಕ ಆ ಮೊಬೈಲನ್ನೇ ನೋಡಿದಳು. ಕತ್ತು ಬರೆದು ಗರಿ ಬರೆಯದೆ ಬಿಟ್ಟ ನವಿಲು. ನಾನೂ ಅದನ್ನು ಅಲ್ಲಿಯವರೆಗೆ ನೋಡಿರಲಿಲ್ಲ. ಅಕ್ಕನ ಕಿವಿಯ ತುದಿ ಕೆಂಪಾಯಿತು. ನರ್ಸಿಗೆ, "ಇನ್ನೂ ಮುಗಿದಿಲ್ಲಮ್ಮ" ಅಂದಳು, ಮೆತ್ತಗೆ. ಅವಳು ಹೋದ ಮೇಲೆ ನನಗೆ, "ಎಲ್ಲರಿಗೂ ಕಾಣತ್ತಾ ಈಗ?" ಅಂದಳು.

"ಎಲ್ಲರಿಗೂ ಅಂದ್ರೆ... ನಮ್ಮ ವೈಫೈಲಿ ಇರೋರಿಗೆ."

ಅಕ್ಕ ಲ್ಯಾಪ್‌ಟಾಪ್ ಮುಚ್ಚಿ ಒಳಗೆ ಹೋದಳು. ನಾನು ಕೆಳಗೆ ಓಡಿ, ಒತ್ತಿದ್ದನ್ನೆಲ್ಲ ತಿರುಗಿ ಒತ್ತಿದೆ. ಚೌಕ ಮತ್ತೆ ಬಂದು ನಿಂತಿತು. ಅಡಿಗಡಿಗೆ ಬಾಗಿಲು ತೆರೆದು ಮುಚ್ಚಿದ ಹಾಗಾಯಿತು, ಗಾಳಿ ಮಾತ್ರ ಒಳಗೆ ಬರಲಿಲ್ಲ.

ಬುಧವಾರ ನಾನು ಬೇಕೆಂದೇ ಹೊರಗೆ ಹೋದೆ. ಚಂದ್ರಾ ಲೇಔಟಿನ ಗಿರಾಕಿಯೊಬ್ಬರಿಗೆ ತಟ್ಟೆ ತಲುಪಿಸುವುದಿತ್ತು. ಬರುವಾಗ ದರ್ಶಿನಿಯಲ್ಲಿ ಕಾಫಿ ತೆಗೆದುಕೊಂಡೆ. ಚೆನ್ನಾಗಿಯೇ ಇತ್ತು. ಅರ್ಧ ಕುಡಿದು ಬಿಟ್ಟೆ. ಪಕ್ಕದಲ್ಲಿ ನಿಂತ ಇಬ್ಬರು ಹುಡುಗರಲ್ಲಿ ಒಬ್ಬ ಇನ್ನೊಬ್ಬನಿಗೆ, "ಮೊದ್ಲು ಅದೇನ್ ಬರ್ದಿದೆ ಓದು ಗುರು, ಆಮೇಲೆ ಕಿರುಚು" ಅನ್ನುತ್ತಿದ್ದ. ಅವರ ಮುಂದೆ ಯಾವುದೋ ಮೊಬೈಲ್ ಪೆಟ್ಟಿಗೆಯ ಚೀಟಿ ಇತ್ತು. ಅವರ ಮಾತು ಅವರದ್ದು, ಆದರೆ ನನ್ನ ಕೆನ್ನೆಗೇ ಬಡಿಯಿತು. ನಾನು ಇಷ್ಟು ದಿನ ತಪ್ಪು ಎಂಬ ಒಂದು ಮಾತನ್ನು ನೋಡಿ ಮುಚ್ಚುತ್ತಿದ್ದೆನೇ ಹೊರತು, ಕೆಳಗೆ ಸಣ್ಣಕ್ಷರದಲ್ಲಿ ಏನು ಬರೆದಿದೆ ಅಂತ ಒಮ್ಮೆಯೂ ಓದಿರಲಿಲ್ಲ.

ಮನೆಗೆ ಬಂದು ಚಪ್ಪಲಿ ಬಿಟ್ಟವಳೇ ಲ್ಯಾಪ್‌ಟಾಪ್ ಮುಂದೆ ಕೂತೆ. ಕನ್ನಡಕ ಹಾಕಿಕೊಂಡು ಓದಿದೆ. ಹೆಸರು ಅಥವಾ ಪಾಸ್‌ವರ್ಡ್ ಸರಿಯಿಲ್ಲ. ಅಥವಾ! ಹೆಸರೂ ತಪ್ಪಿರಬಹುದು. ಅಕ್ಕನ ಹೆಸರು ತಪ್ಪಾಗುವುದು ಹೇಗೆ? ಎದ್ದು ಹೋಗಿ ನಡುಮನೆಯ ತೆರೆಯ ಮೇಲೆ ಸಾಲಾಗಿ ನಿಂತ ಹೆಸರುಗಳನ್ನು ನೋಡಿದೆ. ನನ್ನ ಹೆಸರು ಇತ್ತು, ಗಂಡನ ಹೆಸರು ಇತ್ತು. ಅವೆರಡೂ ವೈಫೈ ಬಿಲ್ಲಿನ ಮೇಲೆ ಇದ್ದವು, ರಿಪೇರಿಯವನು ಅಲ್ಲಿಂದ ನೋಡಿ ಹೊಡೆದಿದ್ದ. ಮೂರನೆಯದು ಇಂಗ್ಲಿಷ್ ಅಕ್ಷರದಲ್ಲಿ: ಅಕ್ಕ.

ನಾನು ಅಕ್ಕಂದೊಂದು ಅಂದಿದ್ದೆ, ಅವನು ಹಾಗೆಯೇ ಬರೆದುಕೊಂಡಿದ್ದ. ದಿನವೂ ಆ ತೆರೆಯನ್ನು ನೋಡುತ್ತಿದ್ದರೂ ನನಗೆ ವಿಚಿತ್ರ ಅನ್ನಿಸಿರಲಿಲ್ಲ, ನನಗೆ ಅವಳು ಅಕ್ಕನೇ ತಾನೆ. ಆದರೆ ಮೇಲೆ ಕೂತ ಅಕ್ಕ ಆ ಚೌಕದಲ್ಲಿ ಯಾವ ಹೆಸರು ಬರೆಯುತ್ತಾಳೆ? ಅಪ್ಪ ಅಮ್ಮ ಇಟ್ಟ ಹೆಸರನ್ನು. ತನ್ನನ್ನು ತಾನೇ ಅಕ್ಕ ಅಂತ ಯಾರು ಕರೆದುಕೊಳ್ಳುತ್ತಾರೆ?

ಓಡಿ ಬಂದು ಚೌಕದಲ್ಲಿ ಅಕ್ಕ ಅಂತ ಹೊಡೆದೆ. ಪಾಸ್‌ವರ್ಡ್ ಖಾಲಿ ಬಿಟ್ಟೆ. ಒತ್ತಿದೆ. ಬಿಡಲಿಲ್ಲ. ಆದರೆ ಈ ಸಲ ಬೈಗುಳ ಬೇರೆ ಇತ್ತು. ಓದಿದೆ. ಮತ್ತೆ ಓದಿದೆ. ಈ ಖಾತೆಗೆ ನಿರ್ಬಂಧವಿದೆ, ಉದಾಹರಣೆಗೆ, ಖಾಲಿ ಪಾಸ್‌ವರ್ಡ್‌ಗೆ ಅವಕಾಶವಿಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಹಿಡಿದುಕೊಂಡು ಊರೆಲ್ಲ ತಿರುಗಿದ್ದೆ ನಾನು. ಬೀಗ ಯಾರೂ ಹಾಕಿರಲಿಲ್ಲ. ಬೀಗ ಇಲ್ಲದಿರುವುದೇ ತೊಂದರೆಯಾಗಿತ್ತು. ಕೀಲಿಯಿಲ್ಲದ ಖಾತೆಗೆ ಎದುರಿಗೆ ಕೂತವರು ಹೋಗಬಹುದು, ದೂರದಿಂದ ಬಂದವರನ್ನು ಕಂಪ್ಯೂಟರ್ ನಂಬುವುದಿಲ್ಲ. ರಿಪೇರಿಗೆ ಮುಂಚೆ ಅಕ್ಕನ ಖಾತೆಗೆ ಯಾರೋ ಯಾವಾಗಲೋ ಒಂದು ಪಾಸ್‌ವರ್ಡ್ ಇಟ್ಟಿದ್ದರು, ಅಕ್ಕನ ಲ್ಯಾಪ್‌ಟಾಪ್ ಅದನ್ನು ನೆನಪಿಟ್ಟುಕೊಂಡು ತಾನೇ ಹೇಳಿಕೊಂಡು ಒಳಗೆ ಹೋಗುತ್ತಿತ್ತು ಅಂತ ಆಮೇಲೆ ತಿಳಿಯಿತು. ಮುಚ್ಚುಮರೆಯಿಲ್ಲದ ಮನೆ ಅಂತ ನಾನು ಬೀಗುತ್ತಿದ್ದ ಕಾಲದಲ್ಲೂ ಅವಳ ಫೋಲ್ಡರಿಗೆ ಒಂದು ಚಿಲಕ ಇತ್ತು. ಅದನ್ನು ತೆಗೆಸಿದವಳು ನಾನೇ.

ಲ್ಯಾಪ್‌ಟಾಪ್ ಎತ್ತಿಕೊಂಡು ಮೇಲೆ ಹೋದೆ. ಅಕ್ಕ ತನ್ನ ಕೋಣೆಯಲ್ಲಿದ್ದಳು. ಬಾಗಿಲು ಅರ್ಧ ಮುಂದೆ ಮಾಡಿತ್ತು. "ಬರ್ಲಾ?" ಅಂದೆ.

ಉತ್ತರ ಬರಲಿಲ್ಲ.

ತಳ್ಳಿದರೆ ತೆರೆಯುವ ಬಾಗಿಲು. ಆದರೆ ಬಾ ಅನ್ನದೆ ಹೋಗುವುದು ಈ ಮನೆಯಲ್ಲಿಲ್ಲ. ನಿಂತೆ. ನನ್ನಂಥವಳು ನಿಂತೆ. ಕಾಲು ಬದಲಿಸಿದೆ, ಲ್ಯಾಪ್‌ಟಾಪನ್ನು ಕಂಕುಳಿಂದ ಕಂಕುಳಿಗೆ ಬದಲಿಸಿದೆ. ಮಾಡಲು ಏನೂ ಇಲ್ಲದೆ, ಎದುರಿಗಿದ್ದ ಬಾಗಿಲ ಚೌಕಟ್ಟನ್ನು ನೋಡಿದೆ. ಎದೆ ಎತ್ತರದಲ್ಲಿ ನಾಲ್ಕು ಮೊಳೆತೂತುಗಳು. ಅವಕ್ಕೆ ಪುಟ್ಟಿ ಮೆತ್ತಿ ಮೇಲೆ ಬಣ್ಣ ಹೊಡೆದಿದ್ದರು. ಬಣ್ಣದ ಕೆಳಗೆ ತೂತು ಗುಳಿಬಿದ್ದು ಕಾಣುತ್ತಿತ್ತು. ಅಷ್ಟು ವರ್ಷ ಆ ಬಾಗಿಲಲ್ಲಿ ಓಡಾಡಿದವಳು ಅದನ್ನು ಅಂದೇ ನೋಡಿದ್ದು.

"ಬಾ" ಅಂದಳು ಅಕ್ಕ ಕೊನೆಗೆ.

ಹೋಗಿ, ಉಸಿರು ಬಿಡದೆ ಎಲ್ಲ ಹೇಳಿದೆ. ಹೆಸರಿನ ಕಥೆ, ಖಾಲಿ ಪಾಸ್‌ವರ್ಡಿನ ಕಥೆ. ಅಂಗಡಿಯವರಿಗೆ ಒಂದು ನಮೂನೆಯನ್ನೂ ಕೊಟ್ಟಿಲ್ಲ, ನೀನು ಹೂಂ ಅನ್ನದೆ ಕೊಡುವವಳಲ್ಲ ಅಂತಲೂ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೆ ಅಳು ಬಂತು, ಸಿಟ್ಟೂ ಬಂತು. "ಒಂದ್ ಮಾತು ಕೇಳಬಾರ್ದಿತ್ತಾ ನೀನು? ನಾನು ಅಂಥವಳಾ?"

ಅಕ್ಕ ತನ್ನ ಅಂಗೈ ನೋಡಿಕೊಂಡಳು. "ಬೀಗ ಹಾಕಿದೀಯ ಅಂದ್ಕೊಂಡೆ, ಕೋಪ ಬಂತು. ಅದು ನಿಜ" ಅಂದಳು. "ಆದ್ರೆ ಅಳು ಬಂದಿದ್ದು ಆಗ ಅಲ್ಲ ಕಣೇ. ನೀನು ಎಲ್ಲ ತೆಗೆದಿಟ್ಟೆ ನೋಡು, ಆ ಹುಡ್ಗಿ ನವಿಲು ತೋರಿಸಿದ್ಲು ನೋಡು, ಆವಾಗ."

ನಾನು ಬಾಗಿಲ ಕಡೆ ಕೈ ತೋರಿಸಿ, "ಅಲ್ಲೇನಿತ್ತು?" ಅಂದೆ.

"ಚಿಲಕ. ಮನೆ ಕಟ್ಟಿಸಿದಾಗ ಬಡಗಿ ಹಾಕಿದ್ದ. ನಾನು ಮದುವೆಯಾಗಿ ಬಂದ ಮಾರನೇ ದಿನ ಅತ್ತೆ ಬಿಚ್ಚಿಸಿದ್ರು. ಹೊಸ ಹುಡ್ಗಿ, ಒಳಗೆ ಸಿಕ್ಕಾಕ್ಕೊಂಡ್ರೆ ಅಂತ ಭಯ ಅವ್ರಿಗೆ." ನಕ್ಕಳು, ಅದು ನಗುವಿನ ಹಾಗಿರಲಿಲ್ಲ. "ಅವ್ರದ್ದು ಪ್ರೀತಿನೇ. ನನಗೇನು ಬೇಕಿತ್ತು ಅಂತ ನಾನೂ ಹೇಳಲಿಲ್ಲ."

ಇಬ್ಬರೂ ಕೆಳಗಿಳಿದೆವು. ಆ ವಾರದಲ್ಲಿ ಅಕ್ಕ ನಡುಮನೆಗೆ ಕಾಲಿಟ್ಟಿದ್ದು ಅದೇ ಮೊದಲು. ಅತ್ತೆ ಕುರ್ಚಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನು ಅಕ್ಕನ ಖಾತೆಗೆ ಅವಳ ನಿಜವಾದ ಹೆಸರು ಇಡುವುದು ಹೇಗೆಂದು ಹುಡುಕಲು ಹೊರಟೆ. "ಇರ್ಲಿ ಬಿಡು, ಅಕ್ಕ ಅಂತಾನೇ ಇರ್ಲಿ" ಅಂದಳು. ಪಾಸ್‌ವರ್ಡ್ ಇಡುವ ಜಾಗ ತೆಗೆದು, ಕುರ್ಚಿ ಬಿಟ್ಟುಕೊಟ್ಟು, ಅಭ್ಯಾಸದಂತೆ ಅವಳ ಭುಜದ ಮೇಲಿಂದ ಬಗ್ಗಿ ನಿಂತೆ.

"ಆ ಕಡೆ ತಿರುಗು" ಅಂದಳು ಅಕ್ಕ.

ನನ್ನಿಂದಲೂನಾ ಅಂತ ನಾಲಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ತಿರುಗಿದೆ. ನನ್ನ ಎದುರಿಗೆ ಅತ್ತೆ. ಬೆನ್ನ ಹಿಂದೆ ಕೀಬೋರ್ಡಿನ ಕೀಲಿಗಳ ಸದ್ದು, ನಿಧಾನವಾಗಿ, ಒಂದೊಂದಾಗಿ.

"ಏನ್ ಮಾಡ್ತಾವ್ಳೆ?" ಅಂದರು ಅತ್ತೆ.

"ಪಾಸ್‌ವರ್ಡ್ ಹಾಕ್ತಾ ಇದಾಳೆ ಅತ್ತೆ. ಒಂಥರಾ ಚಿಲಕ ಇದ್ದಂಗೆ. ಅವಳದ್ದು ಅವಳು ಮಾತ್ರ ತೆಗೀಬೋದು."

ಅತ್ತೆಯ ಕೈ ಅವರೆಕಾಯಿಯ ಮೇಲೆ ನಿಂತಿತು. "ಒಳಗಡೆ ಯಾರಾದ್ರೂ ಸಿಕ್ಕಾಕ್ಕೊಂಡ್ರೆ?"

"ಇದ್ರೊಳಗೆ ಯಾರೂ ಸಿಕ್ಕಾಕ್ಕೊಳಲ್ಲ ಅತ್ತೆ."

ಕೀಲಿಗಳ ಸದ್ದು ನಿಂತಿತು. ಅಕ್ಕ ನಮ್ಮ ಕಡೆ ತಿರುಗದೆ, ತೆರೆಯನ್ನೇ ನೋಡುತ್ತಾ ಹೇಳಿದಳು:

"ನನ್ನ ರೂಮಿಗೂ ಒಂದು ಚಿಲಕ ಬೇಕು ಅತ್ತೆ."

ಈ ಮನೆಯಲ್ಲಿ ಆ ಮಾತನ್ನು ಯಾರೂ ಆಡಿದ್ದನ್ನು ನಾನು ಕೇಳಿರಲಿಲ್ಲ. ಗಂಡಸರು ಆಡಿರಲಿಲ್ಲ, ಮಕ್ಕಳು ಆಡಿರಲಿಲ್ಲ. ಏನಾದರೂ ಹೇಳಿ ಮುಚ್ಚಿಹಾಕೋಣ ಅಂತ ನಾನು ಬಾಯಿ ತೆರೆದೆ, ಅತ್ತೆ ಕೈಯೆತ್ತಿ ನನ್ನನ್ನು ಸುಮ್ಮನಾಗಿಸಿದರು. ಅವರು ಅಕ್ಕನ ಬೆನ್ನನ್ನೇ ನೋಡುತ್ತಿದ್ದರು. ಮಡಿಲಲ್ಲಿದ್ದ ಸಿಪ್ಪೆಯನ್ನು ಒಂದು ಕಡೆಗೆ ಒತ್ತರಿಸಿದರು. ಒಂದು ಕಾಯಿ ಸುಲಿದರು, ಇನ್ನೊಂದು ಸುಲಿದರು.

"ಮೇಲ್ಗಡೆ ಹಾಕ್ಸವ್ವ" ಅಂದರು. "ಕೂಸುಗಳ ಕೈಗೆ ಎಟುಕ್ಬಾರ್ದು."

ನಮ್ಮ ಮನೆಯಲ್ಲಿ ಕೂಸುಗಳಿಲ್ಲ. ಎಲ್ಲರಿಗಿಂತ ಚಿಕ್ಕವನು ನನ್ನ ಮಗ, ಅವನೀಗ ಬಾಗಿಲು ದಾಟುವಾಗ ತಲೆ ಬಗ್ಗಿಸುತ್ತಾನೆ. ಅಕ್ಕ ಮೇಲೆ ಹೋಗಿ ಚೌಕದಲ್ಲಿ ಹೆಸರು ಬರೆದು, ಪಾಸ್‌ವರ್ಡ್ ಕೊಟ್ಟು, ಒತ್ತಿದಳು. ತೆರೆಯಿತು ಅಂತ ಮೆಟ್ಟಿಲಿಂದ ಬಗ್ಗಿ ಕೂಗಿದಳು.

ಮರುದಿನ ಬೆಳಿಗ್ಗೆ ಡಿಕಾಕ್ಷನ್ ಲೋಟ ಕೆಳಗಿಳಿದು ಬಂತು. ಅತ್ತೆ ಒಂದು ಗುಟುಕು ಕುಡಿದು, ಮತ್ತೊಂದು ಗುಟುಕು ಕುಡಿದು, "ಈಗ ಕಾಪಿ" ಅಂದರು. ಅಂಗಡಿಯವರ ಮಾತನ್ನು ಅಕ್ಕನೇ ಎತ್ತಿದಳು. ಬೇಡ ಅಂದಳು, ನೋಡೋಣ ಅನ್ನಲಿಲ್ಲ. ನನಗೆ ಸ್ವಲ್ಪ ಬೇಜಾರಾಯಿತು, ಆಗಲಿ ಅಂದೆ.

ಬಡಗಿ ಆ ಭಾನುವಾರ ಬಂದ. ಹಳೆಯ ತೂತುಗಳಿಗೇ ಕೂರಿಸುತ್ತೇನೆ, ಕೆಲಸ ಕಡಿಮೆ ಅಂದ. ಬೇಡಪ್ಪ, ಮೇಲೆ ಹಾಕು ಅಂದೆ. ಅತ್ತೆ ಮೆಟ್ಟಿಲು ಹತ್ತುವುದನ್ನು ಬಿಟ್ಟು ಬಹಳ ಕಾಲವಾಗಿದೆ, ಆ ದಿನ ನನ್ನ ಭುಜ ಹಿಡಿದು ಹತ್ತಿ ಬಂದು, ಇನ್ನೂ ಮೇಲೆ, ಇನ್ನೂ ಮೇಲೆ ಅಂತ ಕೈ ತೋರಿಸಿದರು. ನಮ್ಮಕ್ಕ ಕುಳ್ಳಿ. ಈಗ ಮುಗಿಯದ ತಟ್ಟೆಯ ಮುಂದೆ ಕೂರುವ ಮೊದಲು ಅವಳು ತುದಿಗಾಲಲ್ಲಿ ನಿಂತು, ಕೈ ಚಾಚಿ ಚಾಚಿ, ಆ ಚಿಲಕ ಹಾಕಿಕೊಳ್ಳ‌ಬೇಕು. ಆ ಸದ್ದು ಕೆಳಗಿನ ತನಕ ಕೇಳುತ್ತದೆ. ಅದು ಕೇಳಿದಾಗಲೆಲ್ಲ ಅತ್ತೆ ಮಾಡುತ್ತಿದ್ದ ಕೆಲಸ ನಿಲ್ಲಿಸಿ ಸೂರಿನ ಕಡೆ ನೋಡುತ್ತಾರೆ, ರಾತ್ರಿಯಾದರೆ ಅದು ಮತ್ತೆ ತೆರೆಯುವ ಸದ್ದು ಕೇಳುವವರೆಗೂ ನಿದ್ದೆ ಮಾಡುವುದಿಲ್ಲ.